ಜಗಲಿಯ ಮಾತು: ಕಿರಿಯರ ಆಟದ ಬಯಲು



ಈ ತಿಂಗಳು ಜಗಲಿಯನ್ನು ಬಿಟ್ಟು ಬಹುದೂರ ಹೋಗಬೇಕಾಗಿ ಬಂದಿದೆ. ಅದಕ್ಕೆ ಕಾರಣನು ನನ್ನ ಮೊಮ್ಮಗ. ಅಮೆರಿಕಾದವರ ಬೇಸ್‌ಬಾಲ್ ಆಟದ ವಿಷಯವಾಗಿ ಏನನ್ನೋ ಓದುತ್ತ ಕುಳಿತಿದ್ದವನು ತಟ್ಟನೆ ತಲೆಯೆತ್ತಿ, "ತಾತ, ಮೈನರ್ ಲೀಗ್ ಅಂದರೆ ಚಿಕ್ಕ ಹುಡುಗರು ಆಡುವುದೇ?" ಎಂದು ಕೇಳಿದನು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದವನನ್ನು ಪ್ರಶ್ನೆ ಕೇಳಿದರೆ ಒಂದು ವಾಕ್ಯದಲ್ಲಿ ಉತ್ತರ ಬರುವುದಿಲ್ಲವೆಂಬುದು ನಮ್ಮ ಮನೆಯವರಿಗೆಲ್ಲ ಗೊತ್ತು. ಆ ಹುಡುಗನಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ.

ಸಂಸ್ಕೃತದಲ್ಲಿ 'ಕನಿಷ್ಠ' ಎಂಬ ಶಬ್ದವಿದೆಯಷ್ಟೆ. ವೈಯಾಕರಣರು ಅದನ್ನು ಎರಡು ಮೂಲಗಳಿಂದ ಸಾಧಿಸುವರು. 'ಯುವನ್' ಎಂಬುದಕ್ಕೆ ಅತಿಶಯಾರ್ಥದ ಪ್ರತ್ಯಯವು ಸೇರಿದರೂ ಕನಿಷ್ಠ. 'ಅಲ್ಪ' ಎಂಬುದಕ್ಕೆ ಸೇರಿದರೂ ಕನಿಷ್ಠ. ಎಲ್ಲರಿಗಿಂತ ಎಳೆಯನೂ ಕನಿಷ್ಠನೇ, ಎಲ್ಲರಿಗಿಂತ ಅಲ್ಪನೂ ಕನಿಷ್ಠನೇ. ಹಾಗೆಯೇ 'ಜ್ಯೇಷ್ಠ'ನೆಂಬವನು ವಯಸ್ಸಿನಿಂದ ಹಿರಿಯನಾದರೂ ಆಗಬಹುದು, ಎಲ್ಲರಿಗಿಂತ ಪ್ರಶಂಸೆಗೆ ಅರ್ಹನಾದರೂ ಆಗಬಹುದು. ವ್ಯಾಕರಣವು ಎರಡು ಮೂಲಗಳನ್ನು ಬೇರೆಬೇರೆಯಾಗಿಯೇ ತೋರಿಸಿದೆ. ಲೋಕವು ಮಾತ್ರ ಅವೆರಡನ್ನೂ ಕಲಸಿ, ತನಗೆ ಬೇಡವಾದವನನ್ನು ಕನಿಷ್ಠನೆಂದು ಕರೆದು ಕೈತೊಳೆದುಕೊಳ್ಳುತ್ತದೆ.

ಅಮೆರಿಕಾದಲ್ಲಿ ಬೇಸ್‌ಬಾಲಿನ ಹಿರಿಯ ಲೀಗಿನಲ್ಲಿ ಈಗ 30 ತಂಡಗಳುಂಟು. ಒಂದೊಂದು ಹಿರಿಯ ತಂಡಕ್ಕೂ ಸಣ್ಣ ಊರುಗಳಲ್ಲಿ ಅಂಗವಾಗಿ ಕಿರಿಯ ತಂಡಗಳುಂಟು. ತರುಣರು ಅಲ್ಲಿ ಪಳಗಿ, ಯೋಗ್ಯರೆನಿಸಿದರೆ ಮೇಲಕ್ಕೆ ಹೋಗುವರು. ಮೇಲೆ ಆಡಿ ವಯಸ್ಸಾದವರಲ್ಲಿ ಕೆಲವರು ಹೊಟ್ಟೆಯಪಾಡಿಗೋ ಆಟದ ಮೋಹಕ್ಕೋ ಕೆಳಗಿಳಿದು ಬರುವರು. ನಮ್ಮ ಕ್ರಿಕೆಟ್ಟಿನಂತೆ ಇದೂ ದಾಂಡು ಚೆಂಡುಗಳ ಆಟವೇ. ಪಿಚರ್ ಎಂಬವನು ಚೆಂಡೆಸೆಯುವನು, ಬ್ಯಾಟು ಹಿಡಿದವನು ಹೊಡೆದು ನಾಲ್ಕು ಮೂಲೆಗಳ ಸುತ್ತು ಓಡಿ ಮನೆ ಸೇರಬೇಕು. ಇಷ್ಟು ತಿಳಿದಿದ್ದರೆ ಮುಂದಿನ ಕಥೆಗೆ ಸಾಕು.

ಈ ಕಿರಿಯ ಲೀಗುಗಳ ಆಟದ ಬಯಲುಗಳಲ್ಲಿ ಒಂದರ ವೃತ್ತಾಂತವನ್ನು ಹೇಳುವೆನು. ಅಮೆರಿಕಾದ ದಕ್ಷಿಣಕ್ಕೆ ಅಲಬಾಮಾ ಸಂಸ್ಥಾನದಲ್ಲಿ ಬರ್ಮಿಂಗ್‌ಹ್ಯಾಂ ಎಂಬ ಪಟ್ಟಣವುಂಟು. 1871ರಲ್ಲಿ ಸ್ಥಾಪಿತವಾದುದು, ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಗಲ್ಲು ಈ ಮೂರೂ ಒತ್ತೊತ್ತಿಗೆ ದೊರೆಯುವ ನೆಲವಾದುದರಿಂದ ನೋಡನೋಡುತ್ತಿದ್ದಂತೆ ಬೆಳೆದು 'ಮಾಯಾನಗರಿ' ಎಂಬ ಅಡ್ಡಹೆಸರನ್ನು ಪಡೆಯಿತು. ಅಲ್ಲಿನ ತಂಡಕ್ಕೂ ಗಣಿಯ ಧನಿಕರ ನೆನಪಾಗಿ 'ಬ್ಯಾರನ್ಸ್' ಎಂದೇ ಹೆಸರು. ವುಡ್‌ವರ್ಡ್ ಎಂಬ ಕಬ್ಬಿಣದ ವ್ಯಾಪಾರಿಗಳ ಮನೆತನದ ತರುಣನೊಬ್ಬನು, ಜನರ ಬಾಯಲ್ಲಿ ರಿಕ್ ಎನಿಸಿಕೊಂಡವನು, ಆ ತಂಡವನ್ನು ಕೊಂಡನು. ಇನ್ನು ಅದಕ್ಕೊಂದು ಬಯಲು ಬೇಕಷ್ಟೆ. ಆಗ ಬಹುಮಟ್ಟಿಗೆ ಆಟದ ಮನೆಗಳೆಲ್ಲ ಮರದವು, ಬೆಂಕಿಗೆ ಸುಲಭವಾದ ತುತ್ತುಗಳು. ರಿಕ್ ಮಹಾಶಯನು ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಪಟ್ಟಣಗಳಲ್ಲಿ 1909ರಲ್ಲಿ ಕಟ್ಟಿದ್ದ ಉಕ್ಕು ಕಾಂಕ್ರೀಟುಗಳ ಹೊಸ ಕ್ರೀಡಾಂಗಣಗಳನ್ನು ಮಾದರಿಯಾಗಿಟ್ಟುಕೊಂಡನು. ಫಿಲಡೆಲ್ಫಿಯಾ ತಂಡದ ಪ್ರಸಿದ್ಧ ವ್ಯವಸ್ಥಾಪಕ ಕಾನಿ ಮ್ಯಾಕ್ ಎಂಬವನಿಂದ ನೆಲದ ವಿನ್ಯಾಸಕ್ಕೆ ಸಲಹೆ ಪಡೆದನು. ಒಡೆಯನ ಅಡ್ಡಹೆಸರನ್ನೂ ಮನೆತನದ ಹೆಸರಿನ ತುಣುಕನ್ನೂ ಸೇರಿಸಿ 'ರಿಕ್‌ವುಡ್' ಎಂಬ ನಾಮಕರಣವಾಯಿತು. ಎರಡು ಪದಗಳ ಬಾಲವನ್ನೂ ತಲೆಯನ್ನೂ ಕತ್ತರಿಸಿ ಜೋಡಿಸಿದ ಈ ಸಮಾಸಕ್ಕೆ ನಮ್ಮ ಗುರುಗಳು ಯಾವ ಹೆಸರಿಡುತ್ತಿದ್ದರೋ ಕಾಣೆ.

1910ನೆಯ ಇಸವಿ ಆಗಸ್ಟ್ 18ರಂದು ಅಲ್ಲಿ ಮೊದಲ ಆಟವಾಯಿತು. ಹತ್ತು ಸಾವಿರಕ್ಕೆ ಮಿಕ್ಕಿದ ಜನ ನೆರೆದಿದ್ದರು. ಒಡೆಯನು ತಾನೇ ಆಟಗಾರರ ಉಡುಪನ್ನು ತೊಟ್ಟು ಮೊದಲ ಚೆಂಡೆಸೆದನು. ನೆರೆಯ ಮಾಂಟ್‌ಗೋಮೆರಿ ಪಟ್ಟಣದ ತಂಡವನ್ನು ಬ್ಯಾರನ್ಸ್ ತಂಡವು 3–2ರಿಂದ ಸೋಲಿಸಿತು. ಮಾಂಟ್‌ಗೋಮೆರಿ ಎಂಬ ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುವೆನು.

ವೃತ್ತಿಪರ ಬೇಸ್‌ಬಾಲಿಗಾಗಿ ಕಟ್ಟಿದ ಕ್ರೀಡಾಂಗಣಗಳಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಅಮೆರಿಕಾದಲ್ಲಿ ಇದೇ. 1936ರಲ್ಲಿ ನಿಲ್ಲಿಸಿದ ದೀಪದ ಗೋಪುರಗಳು ಪ್ರೇಕ್ಷಕರ ಮಾಡಿನ ಮೇಲಿಂದ ಮುಂದಕ್ಕೆ ಚಾಚಿ, ಒಳಗೇನು ನಡೆಯುತ್ತಿದೆಯೆಂದು ಬಗ್ಗಿ ನೋಡುತ್ತಿರುವಂತೆ ಕಾಣುತ್ತವೆ. ಅವು ನೋಡಿದ ಆಟಗಳೂ ಕಡಿಮೆಯಲ್ಲ. ಅವು ಬರುವ ಮೊದಲೇ, 1931ರಲ್ಲಿ ನಡೆದ ಒಂದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ದಕ್ಷಿಣದ ಎರಡು ಲೀಗುಗಳ ವಿಜೇತರು ತಮ್ಮೊಳಗೆ ಆಡುತ್ತಿದ್ದ ಡಿಕ್ಸಿ ಸರಣಿಯ ಮೊದಲನೆಯ ಆಟ ಅದು. ಹ್ಯೂಸ್ಟನ್ ತಂಡದ ಪಿಚರು ಡಿಜಿ ಡೀನನು 21 ವಯಸ್ಸಿನವನು. ತೋಳಿನಲ್ಲಿ ಬಲ, ನಾಲಗೆಯಲ್ಲಿ ಅದಕ್ಕಿಂತ ಹೆಚ್ಚು ಬಲ. ಗೆಲ್ಲುವೆನೆಂದು ಮೊದಲೇ ಸಾರಿಕೊಂಡು ಬಂದಿದ್ದನು. ಬರ್ಮಿಂಗ್‌ಹ್ಯಾಮಿನ ಪರವಾಗಿ ಎಸೆದವನು ರೇ ಕಾಲ್ಡ್‌ವೆಲ್, ವಯಸ್ಸು 43. ಹನ್ನೆರಡು ವರ್ಷಗಳ ಹಿಂದೆ ಹಿರಿಯ ಲೀಗಿನಲ್ಲಿ ಆಡುತ್ತಿದ್ದಾಗ ಬಯಲಿನ ನಡುವೆಯೇ ಸಿಡಿಲು ಬಡಿದು ಬಿದ್ದು, ಎದ್ದು, ಆಟವನ್ನು ಮುಗಿಸಿಯೇ ಹೊರಗೆ ಬಂದ ಆಸಾಮಿ ಅವನು. ಏರುತ್ತಿರುವವನೂ ಇಳಿದು ಬಂದವನೂ ಒಂದೇ ಮೆಟ್ಟಿಲ ಮೇಲೆ ಎದುರಾದರು. ಮುದುಕನು 1–0ಯಿಂದ ಗೆದ್ದನು. ಸಿಡಿಲನ್ನು ತಾಳಿದವನಿಗೆ ಡೀನನ ಬಾಯಿಯ ಗುಡುಗು ಏನು ಮಾಡೀತು!

ಇದುವರೆಗೆ ಹೇಳಿದ್ದು ಬಿಳಿಯರ ಕಥೆ. ಆ ಪಟ್ಟಣದ ಗಣಿಗಳಲ್ಲಿಯೂ ಕುಲುಮೆಗಳಲ್ಲಿಯೂ ಬೆವರು ಸುರಿಸುತ್ತಿದ್ದವರಲ್ಲಿ ಕರಿಯರು ಬಹು ಮಂದಿ. ಕಾರ್ಖಾನೆಗಳ ಕರಿಯ ಕೆಲಸಗಾರರ ತಂಡಗಳಿಂದ ಆಯ್ದವರು ಸೇರಿ 1920ರಲ್ಲಿ 'ಬ್ಲ್ಯಾಕ್ ಬ್ಯಾರನ್ಸ್' ಎಂಬ ತಂಡವಾಯಿತು. ಇವರಿಗೆ ಬೇರೆ ಬಯಲಿರಲಿಲ್ಲ. ಬಿಳಿಯ ತಂಡವು ಪರಸ್ಥಳಕ್ಕೆ ಹೋದಾಗ ರಿಕ್‌ವುಡ್ಡನ್ನು ಬಾಡಿಗೆಗೆ ಹಿಡಿದು ಆಡುವರು. ಬಿಳಿಯರ ಆಟವನ್ನು ನೋಡಲು ಬಂದ ಕರಿಯರು ಬಲಬದಿಯ ಕೊನೆಯಲ್ಲಿ ಬಿಸಿಲಿನ ಹಲಗೆಗಳ ಮೇಲೆ ಕುಳಿತುಕೊಳ್ಳಬೇಕು. ತಮ್ಮ ತಂಡದ ಆಟದ ದಿನ ಮಾತ್ರ ಮಾಡಿನ ಕೆಳಗಿನ ನೆರಳು ಅವರದು. ಭಾನುವಾರ ಚರ್ಚಿನ ಉಪಾಸನೆ ಮುಗಿದೊಡನೆ ಹಬ್ಬದ ಉಡುಪಿನಲ್ಲಿಯೇ ಸಂಸಾರ ಸಮೇತರಾಗಿ ನೇರ ಬಯಲಿಗೆ ಬರುತ್ತಿದ್ದರಂತೆ. ಸ್ಯಾಚೆಲ್ ಪೇಜ್ ಎಂಬ ಮಹಾ ಪಿಚರು 1927ರಿಂದ ಕೆಲವು ವರ್ಷ ಇಲ್ಲಿ ಆಡಿದವನೇ.

ಇದನ್ನೋದಿ ನಾವು ದೂರದವರ ಪಾಪಕ್ಕೆ ನಿಟ್ಟುಸಿರು ಬಿಡುವ ಮೊದಲು ಒಂದು ಮಾತು. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ ಬಾಳೂ ಅಂದಿನ ಭರತಖಂಡದ ಶ್ರೇಷ್ಠ ಕ್ರಿಕೆಟ್ ಬೌಲರು. ಪುಣೆಯಲ್ಲಿ ಹಿಂದೂಗಳ ತಂಡದಲ್ಲಿ ಆಡುತ್ತಿದ್ದಾಗ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುವರು. ವಿರಾಮದ ಹೊತ್ತಿನಲ್ಲಿ ಅವರಿಗೆ ಚಹ ಕೊಡುತ್ತಿದ್ದುದು ಹೊರಗೆ, ಬೇರೆಯ ಮಣ್ಣಿನ ಕುಡಿಕೆಯಲ್ಲಿ. ಇಷ್ಟು ಹೇಳಿ ಬರ್ಮಿಂಗ್‌ಹ್ಯಾಮಿಗೆ ಹಿಂತಿರುಗುವೆನು.

ರಿಕ್‌ವುಡ್ಡಿನ ಕಥೆಯಲ್ಲಿ ಚೆಂಡನ್ನೇ ಮುಟ್ಟದ ಒಬ್ಬ ಪಾತ್ರಧಾರಿಯುಂಟು. ಬ್ಯಾರನ್ಸ್ ತಂಡದ ಆಟಗಳನ್ನು ರೇಡಿಯೋದಲ್ಲಿ ವರ್ಣಿಸುತ್ತಿದ್ದ ಯೂಜೀನ್ ಕಾನರ್ ಎಂಬವನು. ಪರಸ್ಥಳದಲ್ಲಿ ನಡೆಯುವ ಆಟದ ಸುದ್ದಿ ತಂತಿಯಲ್ಲಿ ತುಣುಕು ತುಣುಕಾಗಿ ಬರುವುದು. ಇವನು ಊರಲ್ಲಿಯೇ ಕುಳಿತು ಅದನ್ನು ಕಣ್ಣೆದುರು ಕಂಡಂತೆಯೇ ರಂಗುರಂಗಾಗಿ ಹೇಳುವನು. ಧೃತರಾಷ್ಟ್ರನಿಗೆ ಯುದ್ಧವನ್ನು ವರ್ಣಿಸಿದ ಸಂಜಯನಿಗೆ ದಿವ್ಯದೃಷ್ಟಿಯಿತ್ತು, ಇವನಿಗೆ ತಂತಿಯಿತ್ತು. ಆ ಧ್ವನಿ ಮನೆಮನೆಗೂ ಪರಿಚಿತವಾಯಿತು. ಆ ಪರಿಚಯದ ಬಲದಿಂದ 1934ರಲ್ಲಿ ಶಾಸನಸಭೆಗೂ, 1937ರಲ್ಲಿ ಪೊಲೀಸು ಮತ್ತು ಅಗ್ನಿಶಾಮಕ ಇಲಾಖೆಗಳಿಗೆ ಒಡೆಯನಾದ ನಗರ ಕಮಿಷನರನ ಪದವಿಗೂ ಏರಿದನು. 1963ರ ಮೇ ತಿಂಗಳಲ್ಲಿ ಸಮಾನ ಹಕ್ಕುಗಳನ್ನು ಕೇಳಿ ಬೀದಿಗೆ ಬಂದ ಕರಿಯ ಶಾಲಾಬಾಲಕರ ಮೇಲೆ ಪೊಲೀಸು ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಡಿಸಿ ಲೋಕಕ್ಕೆಲ್ಲ ಕುಪ್ರಸಿದ್ಧನಾದ 'ಬುಲ್' ಕಾನರನು ಇವನೇ. ಆಟವನ್ನು ಅಷ್ಟು ಇಂಪಾಗಿ ಹೇಳಿದ ಕಂಠವೇ ಆ ಆಜ್ಞೆಯನ್ನೂ ಕೊಟ್ಟಿತು.

ಈಗ 1948ನೆಯ ಇಸವಿಗೆ ಬರೋಣ. ಬರ್ಮಿಂಗ್‌ಹ್ಯಾಮಿನ ಬದಿಯ ವೆಸ್ಟ್‌ಫೀಲ್ಡ್ ಎಂಬ ಕಾರ್ಖಾನೆಯ ಕೇರಿಯಲ್ಲಿ ಹುಟ್ಟಿದ ವಿಲ್ಲಿ ಮೇಸ್ ಎಂಬ ಹುಡುಗನು ಆ ವರ್ಷ ಬ್ಲ್ಯಾಕ್ ಬ್ಯಾರನ್ಸ್ ತಂಡವನ್ನು ಸೇರಿದನು. ವಯಸ್ಸು 17; ಇನ್ನೂ ಹೈಸ್ಕೂಲಿನ ವಿದ್ಯಾರ್ಥಿ. ಶಾಲೆಯ ದಿನಗಳಲ್ಲಿ ತಂಡದೊಡನೆ ಊರೂರು ಅಲೆಯುವಂತಿರಲಿಲ್ಲ. ಇದನ್ನು ಓದಿ ಮಾಸ್ತರನಾದ ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುವೆನು. ತಂಡದ ನಾಯಕನೂ ವ್ಯವಸ್ಥಾಪಕನೂ ಆದ ಪೈಪರ್ ಡೇವಿಸನು ಹುಡುಗನ ತಂದೆಯನ್ನು ಬಲ್ಲವನು. ತಂದೆಯೂ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತ ಬೇಸ್‌ಬಾಲ್ ಆಡಿದವನೇ. ಹುಡುಗನಿಗೆ ಓಟವೂ ಎಸೆತವೂ ಹುಟ್ಟಿನಿಂದ ಬಂದಿದ್ದವು. ತಿರುಗಿ ಬರುವ ಚೆಂಡನ್ನು ಹೊಡೆಯುವ ವಿದ್ಯೆ ಬಂದಿರಲಿಲ್ಲ. ಅದನ್ನು ಡೇವಿಸನು ಕಲಿಸಿದನು.

ಮೇಸ್ ಮುಂದೆ ತಾವೇ ಹೇಳುತ್ತಿದ್ದ ಒಂದು ಪ್ರಸಂಗವುಂಟು. ಒಮ್ಮೆ ಎದುರಾಳಿಯ ಪಿಚರು ಬೇಕೆಂದೇ ಚೆಂಡನ್ನು ಮೈಗೆ ಎಸೆದನು. ಹುಡುಗನು ನೆಲಕ್ಕೆ ಬಿದ್ದು ಅಳುವಂತಾದನು. ಡೇವಿಸನು ಬಂದು ನಿಂತನು, ಎತ್ತಲಿಲ್ಲ, ಸಂತೈಸಲಿಲ್ಲ. ಮೊದಲನೆಯ ಮೂಲೆ ಕಾಣಿಸುತ್ತಿದೆಯೇ ಎಂದು ಕೇಳಿದನು. ಕಾಣಿಸುತ್ತಿದೆಯೆಂದಾಗ, ಹಾಗಾದರೆ ಎದ್ದು ಅಲ್ಲಿಗೆ ಹೋಗು, ಅಲ್ಲಿಂದ ಎರಡನೆಯದನ್ನು ಕದಿ, ಅಲ್ಲಿಂದ ಮೂರನೆಯದನ್ನು ಕದಿ ಎಂದನು. ಈ ಆಟದಲ್ಲಿ ಪಿಚರನ ಕಣ್ಣು ತಪ್ಪಿಸಿ ಮುಂದಿನ ಮೂಲೆಗೆ ಓಡುವುದಕ್ಕೆ 'ಕದಿಯುವುದು' ಎಂದೇ ಹೆಸರು. ಹುಡುಗನು ಹಾಗೆಯೇ ಮಾಡಿದನು. ಶಿಷ್ಯನ ನೋವಿಗೆ ಒಂದು ಕೆಲಸವನ್ನು ಕೊಡುವ ಈ ಕಲೆಯು ಶಿಕ್ಷಕ ತರಬೇತಿಯ ಪುಸ್ತಕಗಳಲ್ಲಿ ನನಗೆ ಎಲ್ಲಿಯೂ ದೊರೆಯಲಿಲ್ಲ.

ಆ ವರ್ಷ ಒಂದೇ ಬಯಲಿನ ಎರಡು ತಂಡಗಳೂ ಗೆದ್ದವು. ಬಿಳಿಯ ಬ್ಯಾರನ್ಸ್ ತಂಡವು ಡಿಕ್ಸಿ ಸರಣಿಯನ್ನು ಗೆದ್ದಿತು; ವಾಲ್ಟ್ ಡ್ರೋಪೋ ಎಂಬ ಅದರ ಆಟಗಾರನು ಹೊಡೆದ ಚೆಂಡು ಬಹು ದೂರದ ಹಿಂಗೋಡೆಗೆ ತಾಗಿತು; ತಾಗಿದಲ್ಲಿ ಗುರುತು ಹಾಕಿದ್ದಾರೆ. ಕರಿಯ ತಂಡವು ನೀಗ್ರೋ ಅಮೆರಿಕನ್ ಲೀಗನ್ನು ಗೆದ್ದು, ನೀಗ್ರೋ ಲೀಗುಗಳ ಕೊನೆಯ ವಿಶ್ವಸರಣಿಯಲ್ಲಿ ಆಡಿತು. ಹೋಮ್‌ಸ್ಟೆಡ್ ಗ್ರೇಸ್ ಎಂಬ ಬಲಿಷ್ಠ ತಂಡದ ಎದುರಿಗೆ ಅದು ಗೆದ್ದದ್ದು ಐದರಲ್ಲಿ ಒಂದೇ ಆಟ. ಆ ಒಂದರಲ್ಲಿ ಗೆದ್ದ ಪಿಚರು ಬಿಲ್ ಗ್ರೀಸನ್, ಗೆಲುವಿನ ಓಟವನ್ನು ತಂದುಕೊಟ್ಟ ಹೊಡೆತ ಮೇಸನದು. ಬಿಳಿಯ ಬ್ಯಾರನ್ಸರೂ ಕರಿಯ ಬ್ಯಾರನ್ಸರೂ ಎದುರುಬದುರಾಗಿ ನಿಂತು ಆಡಿದ್ದರೆ ಏನಾಗುತ್ತಿತ್ತು? ಆಡಲಿಲ್ಲ, ಆಡುವಂತಿರಲಿಲ್ಲ.

ಇನ್ನೂ ಒಂದು ಸಂಗತಿ. ಬಿಳಿಯ ಬ್ಯಾರನ್ಸ್ ತಂಡವು ಆಗ ಬಾಸ್ಟನ್ನಿನ ರೆಡ್ ಸಾಕ್ಸ್ ಎಂಬ ಹಿರಿಯ ತಂಡದ ಅಂಗವಾಗಿತ್ತು. ಎಂದರೆ ಬಾಸ್ಟನ್ನಿನವರು ತಮ್ಮ ಮುಂದಿನ ಆಟಗಾರರನ್ನು ಬೆಳೆಸುತ್ತಿದ್ದುದು ಈ ಹುಲ್ಲಿನ ಮೇಲೆಯೇ. ಅದೇ ಹುಲ್ಲಿನ ಮೇಲೆ, ಅವರ ತಂಡ ಊರಲ್ಲಿಲ್ಲದ ದಿನ, ಆ ಶತಮಾನದ ಮಹಾ ಆಟಗಾರರಲ್ಲಿ ಒಬ್ಬನು ಓಡುತ್ತಿದ್ದನು. ಪರೀಕ್ಷಕರು ಬಂದು ನೋಡಿದರು, ಹಿಂತಿರುಗಿದರು, ತೆಗೆದುಕೊಳ್ಳಲಿಲ್ಲ. 1950ರಲ್ಲಿ ಹೈಸ್ಕೂಲು ಮುಗಿದೊಡನೆ ನ್ಯೂಯಾರ್ಕ್ ಜೈಂಟ್ಸ್ ತಂಡವು ಮೇಸನನ್ನು ಕರೆದುಕೊಂಡಿತು. ಬಾಸ್ಟನ್ನಿನವರು ಅದೇ ವರ್ಷ ಗುರು ಡೇವಿಸನನ್ನು ತಮ್ಮ ಒಂದು ಕಿರಿಯ ತಂಡಕ್ಕೆ ಸೇರಿಸಿಕೊಂಡು, ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದವನನ್ನು, ಖರ್ಚು ಕಡಿಮೆ ಮಾಡಬೇಕೆಂಬ ನೆವದಿಂದ ಮೇ ತಿಂಗಳಲ್ಲಿಯೇ ಬಿಟ್ಟುಬಿಟ್ಟರು. ಹಿರಿಯ ಲೀಗಿನ ತಂಡಗಳಲ್ಲಿ ಕರಿಯ ಆಟಗಾರನನ್ನು ಎಲ್ಲರಿಗಿಂತ ಕೊನೆಗೆ, 1959ರಲ್ಲಿ, ಇಳಿಸಿದ ತಂಡವೂ ಅದೇ.

ಜಾಕಿ ರಾಬಿನ್‌ಸನ್ನನು 1947ರಲ್ಲಿ ಹಿರಿಯ ಲೀಗನ್ನು ಹೊಕ್ಕ ಮೇಲೆ ಬಾಗಿಲು ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಬಾಗಿಲು ತೆರೆದಾಗ ಮನೆ ಬರಿದಾಯಿತೆಂಬುದೂ ನಿಜ. ತರುಣರು ಹೊರಟುಹೋದರು, ಜನರ ಕಣ್ಣು ಅವರ ಹಿಂದೆಯೇ ಹೋಯಿತು, ಭಾನುವಾರದ ಆ ಹಬ್ಬವು ಕ್ಷೀಣಿಸಿತು. ಬ್ಲ್ಯಾಕ್ ಬ್ಯಾರನ್ಸ್ ತಂಡವು 1960ರ ಸುಮಾರಿಗೆ ಕಣ್ಮರೆಯಾಗುವ ಸ್ಥಿತಿಗೆ ಬಂದಿತು.

ಪಟ್ಟಣದ ಆಡಳಿತವಾದರೋ ತದ್ವಿರುದ್ಧವಾಗಿ ನಡೆಯಿತು. ಬಿಳಿಯರೂ ಕರಿಯರೂ ಒಟ್ಟಿಗೆ ಇಸ್ಪೀಟು, ದಾಳ ಮುಂತಾದುವನ್ನು ಆಡಕೂಡದೆಂಬ ನಿಯಮವು ಮೊದಲೇ ಇದ್ದಿತು. 1950ರಲ್ಲಿ ಅದಕ್ಕೆ ಬೇಸ್‌ಬಾಲನ್ನೂ ಸೇರಿಸಿದರು. 1954ರ ಆರಂಭದಲ್ಲಿ ಸ್ವಲ್ಪ ಸಡಿಲಿಸಿದುದರಿಂದ ಆ ವಸಂತದಲ್ಲಿ ರಾಬಿನ್‌ಸನ್ನನಿದ್ದ ಬ್ರೂಕ್ಲಿನ್ ತಂಡವು ರಿಕ್‌ವುಡ್ಡಿನಲ್ಲಿ ಆಡಿಹೋಯಿತು. ಅಷ್ಟನ್ನೂ ಸಹಿಸದೆ ಜೂನ್ ತಿಂಗಳಲ್ಲಿ ಮತದಾರರು ಭಾರಿ ಬಹುಮತದಿಂದ ನಿಷೇಧವನ್ನು ಮತ್ತೆ ತಂದರು. ಹಿರಿಯ ತಂಡಗಳಲ್ಲಿ ಕರಿಯರು ಮೆರೆಯುತ್ತಿರಲು, ಅವರಿಗೆ ತರುಣರನ್ನು ಸಿದ್ಧಪಡಿಸುವ ಕಿರಿಯ ಲೀಗು ಬಿಳಿಯರಿಗೆ ಮಾತ್ರವೆಂದರೆ ಎಷ್ಟು ದಿನ ನಡೆದೀತು? ಟೆಲಿವಿಷನ್ ಬಂದು ಪ್ರೇಕ್ಷಕರೂ ಕಡಿಮೆಯಾಗಿದ್ದರು. 1961ರ ಕೊನೆಗೆ ಆ ಹಳೆಯ ಲೀಗೇ ಮುಚ್ಚಿಹೋಯಿತು. ಎರಡು ವರ್ಷ ರಿಕ್‌ವುಡ್ಡಿನಲ್ಲಿ ಬ್ಯಾರನ್ಸ್ ತಂಡವಿರಲಿಲ್ಲ. ಕೂಡಿ ಆಡುವುದಕ್ಕಿಂತ ಆಡದಿರುವುದೇ ಲೇಸೆಂದು ಊರಿಗೆ ಊರೇ ಹಟ ಹಿಡಿದಂತಾಯಿತು.

1964ರಲ್ಲಿ ತಂಡವು ಹೊಸದಾಗಿ ಎದ್ದಿತು. ಈ ಬಾರಿ ಕರಿಯರೂ ಬಿಳಿಯರೂ ಒಂದೇ ಉಡುಪಿನಲ್ಲಿ. ಹಿಂದಿನ ಸೆಪ್ಟೆಂಬರಿನಲ್ಲಿ ಅದೇ ಪಟ್ಟಣದ ಚರ್ಚಿನಲ್ಲಿ ಸಿಡಿಮದ್ದಿನಿಂದ ನಾಲ್ವರು ಬಾಲಿಕೆಯರು ಸತ್ತಿದ್ದರೆಂಬುದನ್ನು ನೆನೆದರೆ ಆ ಹುಡುಗರು ಬಯಲಿಗಿಳಿದುದೇ ಒಂದು ಸಾಹಸ. 1967ರಲ್ಲಿ ಇಲ್ಲಿ ಆಡಿ ಮುಂದೆ ಪ್ರಖ್ಯಾತನಾದ ರೆಜಿ ಜ್ಯಾಕ್‌ಸನ್ನನಿಗೆ ಊಟದ ಮನೆಗಳಲ್ಲಿಯೂ ಹೊಟೇಲುಗಳಲ್ಲಿಯೂ ಪ್ರವೇಶವಿಲ್ಲವೆಂದರು; ಬಿಳಿಯ ಸಂಗಡಿಗನೊಬ್ಬನೂ ಅವನ ಹೆಂಡತಿಯೂ ತಮ್ಮ ಮನೆಯಲ್ಲಿ ಮಲಗಲು ಜಾಗ ಕೊಟ್ಟರು. ಆ ಮನೆಯನ್ನು ಸುಡುವೆವೆಂಬ ಬೆದರಿಕೆ ಬಂದಿತು.

ಮುಂದಿನದನ್ನು ಬೇಗ ಹೇಳಿ ಮುಗಿಸುವೆನು. 1988ರಲ್ಲಿ ಬ್ಯಾರನ್ಸ್ ತಂಡವು ಹೊರವಲಯದ ಹೊಸ ಕ್ರೀಡಾಂಗಣಕ್ಕೂ, 2013ರಲ್ಲಿ ಪಟ್ಟಣದೊಳಗಿನ ಮತ್ತೊಂದಕ್ಕೂ ಹೋಯಿತು. ಹಳೆಯ ಬಯಲನ್ನು ಕೆಡವಿಬಿಡದಂತೆ ಊರಿನ ಅಭಿಮಾನಿಗಳು 1992ರಲ್ಲಿ ಸಂಘ ಕಟ್ಟಿಕೊಂಡು, ಮಾಡನ್ನೂ ಕಂಬಗಳನ್ನೂ ದುರಸ್ತಿ ಮಾಡಿಸುತ್ತ ಬಂದರು. ಶಾಲೆ ಕಾಲೇಜುಗಳ ಹುಡುಗರು ಆಡುತ್ತ ಬಂದುದರಿಂದ ಹುಲ್ಲೂ ಉಳಿಯಿತು.

ಇನ್ನು ಮೊಮ್ಮಗನ ಪ್ರಶ್ನೆಗೆ ನಿಜವಾದ ಉತ್ತರ. 2020ನೆಯ ಡಿಸೆಂಬರಿನಲ್ಲಿ ಅಮೆರಿಕಾದ ಬೇಸ್‌ಬಾಲ್ ಆಡಳಿತದವರು, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ಹಿರಿಯ ಲೀಗುಗಳೆಂದೇ ಪರಿಗಣಿಸತಕ್ಕದ್ದೆಂದು ಸಾರಿದರು. 2024ರ ಮೇ ತಿಂಗಳಲ್ಲಿ ಅವುಗಳ ಲೆಕ್ಕವು ಅಧಿಕೃತ ದಾಖಲೆಗೆ ಸೇರಿತು. ಪರಿಣಾಮವನ್ನು ನೋಡಿರಿ: ಕಿರಿಯ ಲೀಗಿನೊಳಕ್ಕೂ ಸೇರಿಸಿಕೊಳ್ಳದೆ ಬಾಡಿಗೆಗೆ ಬಯಲು ಕೊಡುತ್ತಿದ್ದ ಬ್ಲ್ಯಾಕ್ ಬ್ಯಾರನ್ಸರು, ಆ ಲೀಗುಗಳಲ್ಲಿ ಆಡಿದ ವರ್ಷಗಳ ಮಟ್ಟಿಗೆ, ಹಿರಿಯರು, ಬಯಲಿನ ಒಡೆಯರಾಗಿದ್ದ ಬಿಳಿಯ ಬ್ಯಾರನ್ಸರು ಅಂದೂ ಕಿರಿಯರು, ಇಂದೂ ಕಿರಿಯರು. ಮೊಮ್ಮಗನಿಗೆ ಇದು ಬಹಳ ಹಿಡಿಸಿತು, ಕೈಚಪ್ಪಾಳೆ ತಟ್ಟಿದನು. ನನಗೆ ಅಷ್ಟು ಹಿಗ್ಗು ಬರಲಿಲ್ಲ. ಪೈಪರ್ ಡೇವಿಸನು 1997ರಲ್ಲಿಯೇ ತೀರಿಕೊಂಡಿದ್ದನು. ಜ್ಯೇಷ್ಠನೆಂಬ ಬಿರುದು ಬಂದಾಗ ಹೊದಿಸುವುದಕ್ಕೆ ಆ ಹೆಗಲೇ ಇರಲಿಲ್ಲ.

ಮೇಸ್ ಆದರೋ ಆಗ ಇನ್ನೂ ಬದುಕಿದ್ದರು, ವಯಸ್ಸು 93. ಹಿರಿಯ ಲೀಗಿನಲ್ಲಿ 660 ಹೋಮ್ ರನ್ನುಗಳನ್ನು ಹೊಡೆದವರಿಗೆ ಹೊಸ ಲೆಕ್ಕದಿಂದ ಸೇರಿದುದು ಹತ್ತೇ ಹತ್ತು ಹೊಡೆತ, 1948ರವು. ಒಟ್ಟು 3,283 ಇದ್ದುದು 3,293 ಆಯಿತು. ಹದಿನೇಳರ ಹುಡುಗನು ಮಾಡಿದ ಕೆಲಸಕ್ಕೆ ಎಪ್ಪತ್ತಾರು ವರ್ಷಗಳ ಮೇಲೆ ಅಂಕ ಬಂದಿತು.

ಆ ಜೂನ್ ತಿಂಗಳಲ್ಲಿ ಮೇಸರ ಗೌರವಾರ್ಥವಾಗಿ ರಿಕ್‌ವುಡ್ಡಿನಲ್ಲಿ ಹಿರಿಯ ಲೀಗಿನ ಆಟವೊಂದನ್ನು ಏರ್ಪಡಿಸಿದ್ದರು. ಅದಕ್ಕೆ ಮುನ್ನ 18ರ ಸಂಜೆ ಕಿರಿಯ ಲೀಗಿನ ಆಟ: ಬ್ಯಾರನ್ಸ್ ತಂಡವೂ ಮಾಂಟ್‌ಗೋಮೆರಿ ತಂಡವೂ, 1910ರಲ್ಲಿ ಆದಂತೆಯೇ. ಆ ಆಟದ ನಡುವೆ, ಮೇಸ್ ತೀರಿಕೊಂಡರೆಂಬ ಸುದ್ದಿಯನ್ನು ಬಯಲಿಗೆಲ್ಲ ಸಾರಿದರು. ಜನರೆಲ್ಲ ಎದ್ದು ನಿಂತರು.

20ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೂ, ಈಗ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿರುವ, ಮೇಸರದೇ ಆದ ಜೈಂಟ್ಸ್ ತಂಡಕ್ಕೂ ಗೊತ್ತಾಗಿದ್ದ ಆಟ ನಡೆಯಿತು. ತೀರ್ಪುಗಾರರೆಲ್ಲರೂ ಕರಿಯರು; ಹಿರಿಯ ಲೀಗಿನಲ್ಲಿ ಅದು ಅದೇ ಮೊದಲು. ಮೊದಲ ಚೆಂಡನ್ನೆಸೆಯಲು ಕರೆತಂದವರು ಬಿಲ್ ಗ್ರೀಸನ್ನರನ್ನು. 1948ರ ಆ ಒಂದು ಗೆಲುವಿನ ಪಿಚರು ಅವರೇ. 1954ರಲ್ಲಿ ಇದೇ ಸೇಂಟ್ ಲೂಯಿಸ್ ತಂಡಕ್ಕಾಗಿ ಮೂರು ಆಟಗಳಲ್ಲಿ ಎಸೆದು, ಆಮೇಲೆ ಬರ್ಮಿಂಗ್‌ಹ್ಯಾಮಿಗೆ ಮರಳಿ ಬಹುಕಾಲ ಪಾದ್ರಿಗಳಾಗಿದ್ದವರು. ಅಂದು ಅವರಿಗೆ 99 ವರ್ಷ. ಅವರು ಚೆಂಡೆಸೆದ ಮೇಲೆ ಆಟವು ಮೊದಲಾಯಿತು. ಸೇಂಟ್ ಲೂಯಿಸ್ 6, ಸ್ಯಾನ್‌ಫ್ರಾನ್ಸಿಸ್ಕೋ 5.